ಒಲಿಂಪಿಕ್ಸ್ ಬೇಕಾ, ಬೇಡ್ವಾ? ಬಾಸ್ಟನ್ ಜನ ಕೇಳಿದ ಲೆಕ್ಕ

ನಮಸ್ಕಾರ. ಇವತ್ತಿನ ವ್ಲಾಗ್ ಬಾಸ್ಟನ್ನಿಂದ. 2015ರಲ್ಲಿ ಈ ಊರಿನವರು ಒಲಿಂಪಿಕ್ಸ್ ಬೇಕಾ ಬೇಡ್ವಾ ಅಂತ ಸರಿಯಾಗಿ 200 ದಿನ ವಾದ ಮಾಡಿದ್ರು. ಜನವರಿ 8ಕ್ಕೆ ಅಮೆರಿಕದ ಒಲಿಂಪಿಕ್ ಸಮಿತಿ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ವಾಷಿಂಗ್ಟನ್ ಮೂರನ್ನೂ ಬದಿಗಿಟ್ಟು, 2024ರ ಬೇಸಿಗೆ ಒಲಿಂಪಿಕ್ಸ್‌ಗೆ ನಮ್ಮ ಕಡೆಯಿಂದ ಬಾಸ್ಟನ್ ಅಂತ ಘೋಷಿಸಿತು. ಜುಲೈ 27ಕ್ಕೆ ಅದೇ ಸಮಿತಿ ಬಿಡ್, ಅಂದ್ರೆ ಒಲಿಂಪಿಕ್ಸ್ ನಮ್ಮೂರಿಗೆ ಕೊಡಿ ಅನ್ನೋ ಅರ್ಜಿ, ವಾಪಸ್ ತಗೊಂಡಿತು. ಈ ನಡುವೆ ಜನ ಯಾವ ಕಾಗದ ಕೇಳಿದ್ರು, ಯಾವ ಲೆಕ್ಕ ಹಿಡಿದು ಪ್ರಶ್ನೆ ಮಾಡಿದ್ರು ಅನ್ನೋದನ್ನ ಸ್ವಲ್ಪ ವಿವರವಾಗಿ ನೋಡೋಣ. ಅಹಮದಾಬಾದ್‌ಗೆ 2030ರ ಕಾಮನ್‌ವೆಲ್ತ್ ಗೇಮ್ಸ್ ಸಿಕ್ಕಾಗಿದೆ, 2036ರ ಒಲಿಂಪಿಕ್ಸ್ ಬೇಕು ಅಂತ ಭಾರತ ಆಸಕ್ತಿ ಪತ್ರನೂ ಕೊಟ್ಟಿದೆ. ಹಾಗಾಗಿ ಇದು ನಮ್ಮವರಿಗೂ ಗೊತ್ತಿರಲೇಬೇಕಾದ ವಿಷಯ.

ಮೊದಲು ಸಹಿ ಎಲ್ಲಿ ಬೀಳುತ್ತೆ ಅಂತ ತಿಳ್ಕೊಳ್ಳೋಣ. ಒಲಿಂಪಿಕ್ಸ್ ಸಿಕ್ಕಿದ ಊರು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಜೊತೆ ಆತಿಥೇಯ ನಗರ ಒಪ್ಪಂದ ಮಾಡ್ಕೊಳ್ಳುತ್ತೆ. ಒಂದು ಕಡೆ ಅಂತಾರಾಷ್ಟ್ರೀಯ ಸಮಿತಿ, ಇನ್ನೊಂದು ಕಡೆ ನಗರ ಮತ್ತು ಆ ದೇಶದ ಒಲಿಂಪಿಕ್ ಸಮಿತಿ. ಆಮೇಲೆ ಹುಟ್ಟಿಕೊಳ್ಳೋ ಸಂಘಟನಾ ಸಮಿತಿನೂ ಇವರ ಜೊತೆ ಸೇರ್ಕೊಳ್ಳುತ್ತೆ. ಒಪ್ಪಂದದ ಪ್ರಕಾರ ಈ ಕಡೆಯ ಮೂವರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಭಾವಮೈದುನನ ಸಾಲಕ್ಕೆ ಜಾಮೀನು ಹಾಕಿದ ಹಾಗೆ ಇದು: ಅವನು ಕಟ್ಟಲಿಲ್ಲ ಅಂದ್ರೆ ಬ್ಯಾಂಕಿನವರು ಬರೋದು ನಿಮ್ಮ ಬಾಗಿಲಿಗೆ. ಕ್ರೀಡಾಕೂಟ ಮುಗಿದು ಸ್ವಲ್ಪ ಸಮಯಕ್ಕೆ ಸಂಘಟನಾ ಸಮಿತಿ ಬಾಗಿಲು ಹಾಕುತ್ತೆ. ನಗರ ಎಲ್ಲಿಗೂ ಹೋಗೋ ಹಾಗಿಲ್ಲ. ಮಾಂಟ್ರಿಯಲ್ 1976ರ ಒಲಿಂಪಿಕ್ಸ್ ಸಾಲ ತೀರಿಸಿದ್ದು 2006ರಲ್ಲಿ, ಮೂವತ್ತು ವರ್ಷ ಆದ್ಮೇಲೆ.

ಬಾಸ್ಟನ್‌ನಲ್ಲಿ ವಿರೋಧ ಮಾಡಿದವರು ಕ್ರೀಡೆಯ ವಿರೋಧಿಗಳಾಗಿರಲಿಲ್ಲ. ಮ್ಯಾರಥಾನ್ ನೋಡೋಕೆ ರಸ್ತೆಯುದ್ದಕ್ಕೂ ನಿಲ್ಲೋ ಊರು ಇದು. 'ನೋ ಬಾಸ್ಟನ್ ಒಲಿಂಪಿಕ್ಸ್' ಅನ್ನೋ ಗುಂಪಿನ ಮುಂದಾಳುಗಳಲ್ಲಿ ಒಬ್ಬರಾದ ಕ್ರಿಸ್ ಡೆಂಪ್ಸಿ, ಹಿಂದೆ ರಾಜ್ಯದ ಸಾರಿಗೆ ಇಲಾಖೆಯಲ್ಲಿ ಕೆಲಸ ಮಾಡಿದವರು. ಬಜೆಟ್ ಓದೋದು ಹೇಗೆ ಅಂತ ಅವರಿಗೆ ಗೊತ್ತಿತ್ತು. ಗುಂಪಿನವರು ಎಲ್ಲ ಸಭೆಗೂ ಹೋಗಿ ಒಂದೇ ಪ್ರಶ್ನೆ ಕೇಳ್ತಿದ್ರು: ಖರ್ಚು ಮೀರಿದ್ರೆ ಕಟ್ಟೋರು ಯಾರು?

ಇನ್ನು ಲೆಕ್ಕಕ್ಕೆ ಬರೋಣ. ಜನವರಿಯಲ್ಲಿ ಹೊರಬಂದ ಮೊದಲ ಯೋಜನೆಯಲ್ಲಿ ಹಣ ಮೂರು ಪೆಟ್ಟಿಗೆಯಲ್ಲಿತ್ತು. ಕ್ರೀಡಾಕೂಟ ನಡೆಸೋ ಖರ್ಚು 470 ಕೋಟಿ ಡಾಲರ್, ಇದು ಟಿವಿ ಹಕ್ಕು, ಟಿಕೆಟ್, ಪ್ರಾಯೋಜಕರಿಂದ ಬರುತ್ತೆ ಅಂದ್ರು. ಕಟ್ಟಡಗಳಿಗೆ 340 ಕೋಟಿ, ಖಾಸಗಿ ಬಿಲ್ಡರ್‌ಗಳು ಹಾಕ್ತಾರೆ ಅಂದ್ರು. ರೈಲು, ರಸ್ತೆಗೆ 520 ಕೋಟಿ, ಸರ್ಕಾರ ಹೇಗಿದ್ರೂ ಮಾಡೋ ಕೆಲಸ ಅಂದ್ರು. ಭದ್ರತೆ ಖರ್ಚು ಕೇಂದ್ರ ಸರ್ಕಾರದ ಪಾಲು ಅಂದ್ಕೊಂಡಿದ್ರು.

ಯಾವ ಊರಿನ ಬಿಡ್ ತಗೊಂಡ್ರೂ ಹೆಚ್ಚುಕಮ್ಮಿ ಇದೇ ಮೂರು ಪೆಟ್ಟಿಗೆ ಸಿಗುತ್ತೆ. ಭಾಷಣದಲ್ಲಿ ಕೇಳೋದು ಮೊದಲನೆಯದು ಮಾತ್ರ, ಯಾಕಂದ್ರೆ ಅದರಲ್ಲಿ ಆದಾಯ ಇದೆ, ಲಾಭನೂ ತೋರಿಸಬಹುದು. ಪೆಟ್ಟು ಬೀಳೋದು ಎರಡನೆಯ, ಮೂರನೆಯ ಪೆಟ್ಟಿಗೆಗಳಲ್ಲಿ. 2012ರ ಒಲಿಂಪಿಕ್ಸ್ ನಡೆಸಿದ ಲಂಡನ್ ನೋಡಿ. ಬಿಡ್ ಹಾಕುವಾಗ ಸಾರ್ವಜನಿಕ ಹಣ ಸುಮಾರು 240 ಕೋಟಿ ಪೌಂಡ್ ಅಂದಿದ್ರು. 2007ರಲ್ಲಿ ಹೊಸದಾಗಿ ಲೆಕ್ಕ ಹಾಕಿದಾಗ ಅದು 930 ಕೋಟಿ ಪೌಂಡ್ ದಾಟಿತು. ಯಾರೋ ನುಂಗಿ ಹಾಕಿದ್ರು ಅಂತಲ್ಲ. ಮೊದಲಿನ ಲೆಕ್ಕದಲ್ಲಿ ತೆರಿಗೆ ಸರಿಯಾಗಿ ಸೇರಿರಲಿಲ್ಲ, ಭದ್ರತೆಗೆ ಇಟ್ಟಿದ್ದು ಸಾಲದಾಗಿತ್ತು, ಅನಿರೀಕ್ಷಿತ ಖರ್ಚಿಗೆ ಇಟ್ಟಿದ್ದೂ ತೀರಾ ಕಮ್ಮಿ. ಹೊಸ ಲೆಕ್ಕದಲ್ಲಿ ಅನಿರೀಕ್ಷಿತಕ್ಕೇ 270 ಕೋಟಿ ಪೌಂಡ್ ಎತ್ತಿಟ್ರು, ಹೆಚ್ಚುಕಮ್ಮಿ ಮೂರನೇ ಒಂದು ಪಾಲು. 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 1960ರಿಂದ ಈಚಿನ ಒಲಿಂಪಿಕ್ಸ್‌ಗಳ ಲೆಕ್ಕ ತೆಗೆದು ನೋಡಿದಾಗ, ಬೆಲೆ ಏರಿಕೆ ಕಳೆದ ಮೇಲೂ ಖರ್ಚು ಸರಾಸರಿ ಶೇ. 156ರಷ್ಟು ಮೀರಿತ್ತು. ಅಂದ್ರೆ ನೂರು ಅಂದಲ್ಲಿ ಇನ್ನೂರೈವತ್ತಾರು.

ಇದಕ್ಕೆ ಒಂದು ದೊಡ್ಡ ಕಾರಣ ಗಡುವು. ಮೆಟ್ರೊ ಕೆಲಸ ಒಂದು ವರ್ಷ ತಡ ಆದ್ರೆ ಜನ ಬೈಕೊಂಡು ಸುಮ್ಮನಾಗ್ತಾರೆ. ಕಟ್ಟಡ ಮುಗಿದಿಲ್ಲ ಅಂತ ಒಲಿಂಪಿಕ್ಸ್ ಉದ್ಘಾಟನೆ ಒಂದು ದಿನ ಮುಂದಕ್ಕೆ ಹಾಕೋ ಹಾಗಿಲ್ಲ. ಇದು ಗುತ್ತಿಗೆದಾರರಿಗೂ ಗೊತ್ತು. ಕೊನೆಯ ಎರಡು ವರ್ಷ ಅವರು ಹೇಳಿದ್ದೇ ರೇಟು, ಮೂರು ಪಾಳಿ ಕೆಲಸ. ಚೌಕಾಸಿಗೆ ಜಾಗನೇ ಇರಲ್ಲ.

ಈಗ ಪರದೆ ಮೇಲೆ ಕಾಣ್ತಿರೋದು ವಿಡೆಟ್ ಸರ್ಕಲ್. ಮುಖ್ಯ ಸ್ಟೇಡಿಯಂ ಇಲ್ಲೇ ಬರಬೇಕಿತ್ತು. ಒಂದು ಪಕ್ಕದಲ್ಲಿ ಹೆದ್ದಾರಿ, ಇನ್ನೊಂದು ಪಕ್ಕದಲ್ಲಿ ರೈಲು ಯಾರ್ಡ್. ಬಿಡ್‌ನ ಚಿತ್ರಗಳಲ್ಲಿ ಇದು ಖಾಲಿ ಸೈಟ್ ಥರ ಕಾಣ್ತಿತ್ತು. 2015ರಲ್ಲಿ ಇಲ್ಲಿದ್ದಿದ್ದು ಮಾಂಸ ಮತ್ತು ಮೀನಿನ ಸಗಟು ಮಾರುಕಟ್ಟೆ. ಊರಿನ ಹೋಟೆಲ್‌ಗಳಿಗೆ ಮಾಲು ಹೋಗ್ತಿದ್ದಿದ್ದು ಇಲ್ಲಿಂದ. ವ್ಯಾಪಾರಿಗಳೇ ಸೇರಿ ಕಟ್ಟಿಕೊಂಡ ಸಂಸ್ಥೆಯ ಜಾಗ ಅದು, ಬಿಡ್‌ನವರ ಜೊತೆ ಜಾಗ ಬಿಟ್ಟುಕೊಡೋ ಒಪ್ಪಂದ ಯಾವುದೂ ಆಗಿರಲಿಲ್ಲ. ಎಬ್ಬಿಸಿ ಬೇರೆ ಕಡೆ ಕಳಿಸ್ತೀವಿ ಅನ್ನೋದು ಬಾಯಿಮಾತಿಗೆ ಸುಲಭ. ಇಂಥ ವ್ಯಾಪಾರಕ್ಕೆ ಕೋಲ್ಡ್ ಸ್ಟೋರೇಜ್ ಬೇಕು, ದೊಡ್ಡ ಲಾರಿ ಹಿಮ್ಮುಖವಾಗಿ ಬಂದು ನಿಲ್ಲೋ ಡಾಕ್ ಬೇಕು, ನೆಲ ತೊಳೆದ ನೀರು ಹೋಗೋಕೆ ಸರಿಯಾದ ಚರಂಡಿ ಬೇಕು, ಮಾಂಸ ತಪಾಸಣೆಯ ನಿಯಮಕ್ಕೆ ಒಪ್ಪೋ ಕೊಠಡಿ ಬೇಕು. ಇದೆಲ್ಲ ಹೊಸ ಜಾಗದಲ್ಲಿ ಸಿದ್ಧ ಆಗೋ ತನಕ ಹಳೆಯದನ್ನ ಒಂದು ದಿನವೂ ಮುಚ್ಚೋ ಹಾಗಿಲ್ಲ. ಇಷ್ಟಾದ ಮೇಲೆ ಯಾರ್ಡ್‌ನ ಹಳಿಗಳ ಮೇಲೆ ಕಾಂಕ್ರೀಟ್ ಡೆಕ್ ಹಾಕಬೇಕು, ಅದೂ ಕೆಳಗೆ ರೈಲು ಓಡಾಡ್ತಿರುವಾಗ. ಸ್ಟೇಡಿಯಂ ತಾತ್ಕಾಲಿಕ, ಮುಗಿದ ಮೇಲೆ ಬಿಚ್ಚಿಬಿಡ್ತೀವಿ, 17.5 ಕೋಟಿ ಡಾಲರ್ ಸಾಕು ಅಂತ ಜೂನ್‌ನಲ್ಲಿ ಬಂದ ಎರಡನೆಯ ಯೋಜನೆಯಲ್ಲಿ ಬರೆದ್ರು. ಡೆಕ್ ಖರ್ಚು ಬಿಲ್ಡರ್‌ದು, ಬದಲಿಗೆ ಅವನಿಗೆ ವರ್ಷಗಟ್ಟಲೆ ಆಸ್ತಿ ತೆರಿಗೆ ರಿಯಾಯಿತಿ. ನಗರಕ್ಕೆ ಬರಬೇಕಾದ ತೆರಿಗೆ ಬಿಟ್ಟುಕೊಟ್ರೆ ಅದೂ ಜನರ ದುಡ್ಡೇ. ಇದನ್ನ ಖಾಸಗಿ ಹಣ ಅಂತ ಕರೆಯೋದು ನನಗೆ ಒಪ್ಪಿಗೆ ಇಲ್ಲ.

ಬೆಂಬಲಿಸಿದವರ ವಾದದಲ್ಲಿ ಗಟ್ಟಿಯಾಗಿದ್ದಿದ್ದು ಕ್ರೀಡಾಗ್ರಾಮ. ಕೊಲಂಬಿಯಾ ಪಾಯಿಂಟ್‌ನಲ್ಲಿ, ವಿಶ್ವವಿದ್ಯಾಲಯದ ಪಕ್ಕದಲ್ಲಿ, ರೈಲು ನಿಲ್ದಾಣಕ್ಕೆ ನಡೆದು ಹೋಗೋ ದೂರದಲ್ಲಿ ಮನೆಗಳು. ಬಾಡಿಗೆ ಗಗನಕ್ಕೇರಿರೋ ಈ ಊರಲ್ಲಿ ಆ ಮನೆಗಳು ಖಂಡಿತ ಖಾಲಿ ಬೀಳ್ತಿರಲಿಲ್ಲ. ನಮ್ಮ ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ನೋಡಿ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ್ದು, ಇವತ್ತಿಗೂ ಅಲ್ಲಿ ಸಂಸಾರಗಳಿವೆ. ಕ್ರೀಡಾಕೂಟದ ಕಟ್ಟಡಗಳಲ್ಲಿ ಆಮೇಲೆ ಸುಲಭವಾಗಿ ಉಪಯೋಗಕ್ಕೆ ಬರೋದು ಮನೆಗಳು. ಬಹಳ ಕಷ್ಟ ಅಂದ್ರೆ ಈಜುಕೊಳ ಮತ್ತು ಸೈಕಲ್ ವೆಲೊಡ್ರೋಮ್, ದಿನದ ನಿರ್ವಹಣೆಗೇ ದುಡ್ಡು ಸುರೀಬೇಕು.

ಆ ವರ್ಷ ಹಿಮ ಬಿತ್ತು ನೋಡಿ, ವಾದದ ದಿಕ್ಕೇ ಬದಲಾಯ್ತು. ಒಂದೇ ಚಳಿಗಾಲದಲ್ಲಿ 110.6 ಇಂಚು, ಊರಿನ ದಾಖಲೆ. ಹಳೇ ರೈಲುಗಳ ಮೋಟರ್ ಕೆಟ್ಟವು, ಕರೆಂಟ್ ಕೊಡೋ ಮೂರನೇ ಹಳಿ ಮೇಲೆ ಮಂಜುಗಡ್ಡೆ ಕಟ್ತು. ಫೆಬ್ರವರಿ 10ಕ್ಕೆ ಇಡೀ ದಿನ ರೈಲು ಬಂದ್. ಮರುದಿನ ಸಾರಿಗೆ ಸಂಸ್ಥೆಯ ಮುಖ್ಯಸ್ಥೆ ರಾಜೀನಾಮೆ ಘೋಷಿಸಿದ್ರು. ಆಫೀಸಿಗೆ ಹೋಗೋಕೇ ರೈಲಿಲ್ಲ, ಲಕ್ಷಾಂತರ ಪ್ರೇಕ್ಷಕರನ್ನ ಹೇಗೆ ಸಾಗಿಸ್ತೀರಿ ಅಂತ ಜನ ಕೇಳೋಕೆ ಶುರು ಮಾಡಿದ್ರು. ಡಬ್ಲ್ಯೂಬಿಯುಆರ್ ರೇಡಿಯೊ ಸಮೀಕ್ಷೆಯಲ್ಲಿ ಜನವರಿಯಲ್ಲಿ ಬೇಕು ಅಂದವರು ಶೇ. 51 ಇದ್ರು. ಫೆಬ್ರವರಿಗೆ 44, ಮಾರ್ಚ್‌ಗೆ 36.

ಒಲಿಂಪಿಕ್ಸ್ ಬಂದ್ರೆ ರೈಲು ಸರಿ ಹೋಗುತ್ತೆ, ಗಡುವು ಇದ್ರೆ ಸರ್ಕಾರ ಓಡುತ್ತೆ ಅಂತ ಬಿಡ್‌ನವರು ಉತ್ತರ ಕೊಟ್ರು. ಆದ್ರೆ ಅವರ ಯೋಜನೆ ನಂಬಿಕೊಂಡಿದ್ದು 2014ರಲ್ಲೇ ಆರ್ಡರ್ ಆಗಿದ್ದ ರೆಡ್ ಲೈನ್, ಆರೆಂಜ್ ಲೈನ್ ಬೋಗಿಗಳನ್ನ. 284 ಬೋಗಿ. 2024 ದಾಟಿದ ಮೇಲೂ ಅವೆಲ್ಲ ಬಂದು ಮುಗಿದಿರಲಿಲ್ಲ. 'ಹೇಗಿದ್ರೂ ಆಗೋ ಕೆಲಸ' ಅಂತ ಬಿಡ್‌ನಲ್ಲಿ ಬರೆದಿದ್ರೆ ಆರ್ಡರ್ ಪ್ರತಿ ಎಲ್ಲಿ, ಹಣ ಮಂಜೂರಾದ ದಿನಾಂಕ ಯಾವುದು ಅಂತ ಕೇಳಲೇಬೇಕು.

ನಂಬಿಕೆ ಮುರಿದಿದ್ದು ಮಾತ್ರ ಮುಚ್ಚುಮರೆಯಿಂದ. ನಗರದ ನೌಕರರು ಬಿಡ್ ಬಗ್ಗೆ ಟೀಕೆ ಮಾಡೋ ಹಾಗಿಲ್ಲ ಅಂತ ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ಜನವರಿಯಲ್ಲೇ ಅದು ಬಯಲಾಗಿ, ಆಮೇಲೆ ಬದಲಾಯಿಸಬೇಕಾಯ್ತು. ಮಾಜಿ ಗವರ್ನರ್ ಡೆವಲ್ ಪ್ಯಾಟ್ರಿಕ್ ಅವರಿಗೆ ದಿನಕ್ಕೆ 7,500 ಡಾಲರ್ ಸಲಹಾ ಶುಲ್ಕ ಅಂತ ಮಾರ್ಚ್‌ನಲ್ಲಿ ಗೊತ್ತಾಯ್ತು, ಅವರು ಹಣ ಬೇಡ ಅಂದ್ರು. ಒಲಿಂಪಿಕ್ ಸಮಿತಿಗೆ ಕೊಟ್ಟ ಮೂಲ ಬಿಡ್‌ನ ಕೆಲವು ಭಾಗ ಜನರಿಗೆ ತೋರಿಸಿದ ಪ್ರತಿಯಲ್ಲಿ ಇರಲೇ ಇಲ್ಲ. ನಗರ ಸಭೆಯ ಸದಸ್ಯರೊಬ್ಬರು ಸಮನ್ಸ್ ಕೊಡಿಸ್ತೀನಿ ಅಂದ ಮೇಲೆ, ಜುಲೈ ಕೊನೆಗೆ ಪೂರ್ತಿ ಪ್ರತಿ ಹೊರಗೆ ಬಂತು. ಅದನ್ನ ಮೊದಲ ದಿನವೇ ಇಟ್ಟಿದ್ರೆ ಚರ್ಚೆ ಬೇರೆ ದಾರಿ ಹಿಡೀತಿತ್ತು ಅಂತ ನಾನು ನಂಬ್ತೀನಿ.

ಜೂನ್ 29ರ ಎರಡನೆಯ ಯೋಜನೆ ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಬಾಸ್ಟನ್ ಕಾಮನ್ ಪಾರ್ಕ್‌ನಲ್ಲಿ ಇಟ್ಟಿದ್ದ ಬೀಚ್ ವಾಲಿಬಾಲ್ ಕ್ವಿನ್ಸಿಗೆ ಹೋಯ್ತು. ಬೇರೆ ಆಟಗಳೂ ರಾಜ್ಯದ ಬೇರೆ ಊರುಗಳಿಗೆ ಹಂಚಿದವು. ನಡೆಸೋ ಖರ್ಚು 460 ಕೋಟಿ, ಮಿಗೋದು 21 ಕೋಟಿ, ವಿಮೆಗೆ 12.8 ಕೋಟಿ ಡಾಲರ್. ಈ ವಿಮೆ ಬಗ್ಗೆ ಎಚ್ಚರ ಬೇಕು. ಕ್ರೀಡಾಕೂಟ ರದ್ದಾದ್ರೆ, ಗುತ್ತಿಗೆದಾರ ದಿವಾಳಿ ಆದ್ರೆ, ಅಂಥದಕ್ಕೆ ವಿಮೆ ಸಿಗುತ್ತೆ. ಸಿಮೆಂಟ್ ರೇಟು ಏರ್ತು, ವಿನ್ಯಾಸ ಬದಲಾಯ್ತು, ಅಂದಾಜೇ ತಪ್ಪಿತ್ತು ಅನ್ನೋದಕ್ಕೆ ವಿಮಾ ಕಂಪನಿ ದುಡ್ಡು ಕೊಡಲ್ಲ. ಖರ್ಚು ಮೀರೋದು ಬಹುಪಾಲು ಈ ಎರಡನೆಯ ಕಾರಣಗಳಿಂದಲೇ.

ಜುಲೈ 23ಕ್ಕೆ ಟಿವಿಯಲ್ಲಿ ಎರಡೂ ಕಡೆಯವರ ನೇರ ಚರ್ಚೆ ನಡೀತು. ನಾಲ್ಕು ದಿನ ಕಳೆದು ಮೇಯರ್ ಮಾರ್ಟಿ ವಾಲ್ಶ್ ಪತ್ರಕರ್ತರನ್ನ ಕರೆದು, ನಗರದ ಭವಿಷ್ಯ ಅಡ ಇಡೋ ಗ್ಯಾರಂಟಿಗೆ ಈಗ ಸಹಿ ಹಾಕಲ್ಲ ಅಂದ್ರು. ಬಿಡ್‌ಗೆ ಬೆಂಬಲ ಕೊಟ್ಟಿದ್ದವರೇ ಅವರು. ಅದೇ ದಿನ ಎಲ್ಲ ಮುಗೀತು. 2016ರ ನವೆಂಬರ್‌ನಲ್ಲಿ ಜನಮತಕ್ಕೆ ಹಾಕ್ತೀವಿ ಅಂತ ಬಿಡ್‌ನವರು ಮಾತು ಕೊಟ್ಟಿದ್ರು, ಅಲ್ಲಿ ತನಕ ಹೋಗಲೇ ಇಲ್ಲ.

ಬಾಸ್ಟನ್ ಬಿಟ್ಟಿದ್ದನ್ನ ಲಾಸ್ ಏಂಜಲೀಸ್ ಹಿಡೀತು, ಕೊನೆಗೆ 2028ರ ಒಲಿಂಪಿಕ್ಸ್ ಸಿಕ್ತು. ಅಲ್ಲಿನ ಏರ್ಪಾಡು ಹೀಗಿದೆ: ನಷ್ಟ ಆದ್ರೆ ಮೊದಲ 27 ಕೋಟಿ ಡಾಲರ್ ನಗರದ್ದು, ಮುಂದಿನ 27 ಕೋಟಿ ಕ್ಯಾಲಿಫೋರ್ನಿಯಾ ರಾಜ್ಯದ್ದು, ಅದನ್ನೂ ಮೀರಿದ್ರೆ ಮತ್ತೆ ನಗರದ್ದು. ಹೊಸ ಶಾಶ್ವತ ಸ್ಟೇಡಿಯಂ ಕಟ್ಟಲ್ಲ ಅನ್ನೋದೇ ಅವರ ಧೈರ್ಯ. ಕೆನಡಾದ ಕ್ಯಾಲ್ಗರಿ 2018ರಲ್ಲಿ ಜನರನ್ನ ಕೇಳ್ತು, ಶೇ. 56ರಷ್ಟು ಮಂದಿ ಬೇಡ ಅಂದ್ರು. ಮ್ಯೂನಿಕ್ ಜನ 2013ರಲ್ಲಿ ಬೇಡ ಅಂದವರು 2025ರ ಅಕ್ಟೋಬರ್‌ನಲ್ಲಿ ಮೂರರಲ್ಲಿ ಎರಡು ಪಾಲು ಮತ ಹಾಕಿ ಬೇಕು ಅಂದ್ರು, 1972ರ ಕ್ರೀಡಾಂಗಣಗಳು ಇನ್ನೂ ಬಳಕೆಯಲ್ಲಿರೋ ಊರದು. ಜನರನ್ನ ಕೇಳಿದ್ರೆ ಬೇಡ ಅಂತಲೇ ಹೇಳ್ತಾರೆ ಅನ್ನೋ ಭಯಕ್ಕೆ ಅರ್ಥ ಇಲ್ಲ.

ನಮ್ಮಲ್ಲಿ ಇಂಥ ಜನಮತಕ್ಕೆ ಅವಕಾಶ ಇಲ್ಲ, ಮಾಹಿತಿ ಹಕ್ಕು ಇದೆ. 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನ ಸಂಘಟನಾ ಸಮಿತಿ ಮಾಹಿತಿ ಹಕ್ಕಿನಡಿ ಬರುತ್ತೆ ಅಂತ ದೆಹಲಿ ಹೈಕೋರ್ಟ್ ಆಗಲೇ ತೀರ್ಪು ಕೊಟ್ಟಿದೆ. ಅಹಮದಾಬಾದ್ ಬಗ್ಗೆ ಕೇಳೋದಾದ್ರೆ ಕೇಂದ್ರ ಕ್ರೀಡಾ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ. ವಿದೇಶದಲ್ಲಿದ್ರೂ ಭಾರತದ ಪೌರತ್ವ ಇದ್ರೆ ಸಾಕು. 'ಎಲ್ಲ ವಿವರ ಕೊಡಿ' ಅಂತ ಬರೀಬೇಡಿ, ಹಾರಿಕೆ ಉತ್ತರ ಬರುತ್ತೆ. ಆತಿಥೇಯ ಒಪ್ಪಂದದ ಪ್ರತಿ, ಸರ್ಕಾರ ಕೊಟ್ಟ ಗ್ಯಾರಂಟಿ ಪತ್ರದ ಪ್ರತಿ, ಬೇಕಾಗೋ ಜಾಗಗಳ ಪಟ್ಟಿ ಮತ್ತು ಈಗ ಅಲ್ಲಿರೋರು ಯಾರು ಅನ್ನೋ ವಿವರ, ಹೀಗೆ ಒಂದೊಂದೇ ದಾಖಲೆ ಹೆಸರಿಸಿ ಕೇಳಿ. ಮುಂದೆ ಬೆಂಗಳೂರಿಗೇ ಇಂಥದ್ದು ಬಂದು ಕರ್ನಾಟಕ ಸರ್ಕಾರದ ಕಚೇರಿಗೆ ಬರೀಬೇಕಾದ್ರೆ, ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಉತ್ತರಕ್ಕೆ 30 ದಿನ. ವಾಣಿಜ್ಯ ಗೋಪ್ಯತೆ ಅಂತ ಸೆಕ್ಷನ್ 8(1)(ಡಿ) ತೋರಿಸಿ ನಿರಾಕರಿಸಬಹುದು. ಆಗ ಸೆಕ್ಷನ್ 10 ಉಲ್ಲೇಖಿಸಿ, ಗೋಪ್ಯ ಸಾಲುಗಳನ್ನ ಮುಚ್ಚಿ ಉಳಿದಿದ್ದನ್ನ ಕೊಡಿ ಅಂತ ಮೊದಲ ಮೇಲ್ಮನವಿ ಹಾಕಿ. ಅದಕ್ಕೂ ನಿರಾಕರಣೆ ಕೈಗೆ ಬಂದ ದಿನದಿಂದ 30 ದಿನದ ಅವಧಿ ಇದೆ.