ಮಳೆ ನಿಲ್ಲಿಸುವುದಕ್ಕೂ ಒಂದು ಕ್ಯೂ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹವ್ಯಾಸಿ ನಾಟಕ ತಂಡಗಳಿಗೂ ಈಗ ಲ್ಯಾಪ್‌ಟಾಪ್ ಬಂದಿದೆ. ಮಳೆ, ಗುಡುಗು, ಬಸ್ಸಿನ ಹಾರ್ನು ಎಲ್ಲ ಅದರಲ್ಲೇ. ಆದರೆ ಎಷ್ಟೋ ಕಡೆ ಸದ್ದುಗಳನ್ನೆಲ್ಲ ಒಂದು ಫೋಲ್ಡರಿಗೆ ತುಂಬಿ, ಹಾಡು ಹಾಕುವ ಪ್ಲೇಯರಿನಲ್ಲೇ ಹುಡುಕಿ ಹುಡುಕಿ ಒತ್ತುತ್ತಾರೆ. ಒಂದು ಮುಗಿದ ಕೂಡಲೇ ಅದು ಮುಂದಿನದನ್ನು ತಾನಾಗಿಯೇ ಶುರು ಮಾಡಿಬಿಡುತ್ತದೆ. ಸಾವಿನ ದೃಶ್ಯದ ನಡುವೆ ಕೋಳಿ ಕೂಗಿದರೆ ಪಾಪ, ನಟ ಏನು ಮಾಡಬೇಕು?

ನಾಟಕಕ್ಕೆಂದೇ ಮಾಡಿದ ತಂತ್ರಾಂಶಗಳಿವೆ. ಆ್ಯಪಲ್ಲಿನ ಮ್ಯಾಕ್ ಕಂಪ್ಯೂಟರ್ ಇದ್ದವರಿಗೆ ಕ್ಯೂಲ್ಯಾಬ್. ಲಿನಕ್ಸ್ ಬಳಸುವವರಿಗೆ ಲಿನಕ್ಸ್ ಶೋ ಪ್ಲೇಯರ್, ಇದು ಉಚಿತ. ಕ್ಯೂ ಅಂದರೆ ಯಾವ ಗಳಿಗೆಗೆ ಯಾವ ಸದ್ದು ಏನಾಗಬೇಕು ಎಂಬ ಒಂದೊಂದು ಸೂಚನೆ. ಈ ಕ್ಯೂಗಳನ್ನು ನಾಟಕದ ಕ್ರಮದಲ್ಲಿ ಪಟ್ಟಿ ಮಾಡಿಟ್ಟರೆ, ಸ್ಪೇಸ್ ಬಾರ್ ಒತ್ತಿದಾಗಲೆಲ್ಲ ಒಂದೊಂದೇ ನಡೆಯುತ್ತದೆ. ಒತ್ತುವವರೆಗೆ ಮುಂದಿನದು ಸುಮ್ನೆ ಕಾಯುತ್ತಿರುತ್ತದೆ.

ಪಟ್ಟಿ ಮಾಡುವಾಗ ಎಲ್ಲರೂ ಸದ್ದು ಶುರುವಾಗುವುದನ್ನು ಬರೆದುಕೊಳ್ಳುತ್ತಾರೆ. ಅದು ಎಲ್ಲಿ ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದು ಬಿಟ್ಟುಹೋಗುತ್ತದೆ. ಒಂದು ದೃಶ್ಯ ತೆಗೆದುಕೊಳ್ಳೋಣ. ಆಯಿ ಮಗನಿಗಾಗಿ ಕಾಯುತ್ತಿದ್ದಾಳೆ. ಹೊರಗೆ ಮಳೆ ಶುರುವಾಯಿತು, ಅದು ಒಂದು ಕ್ಯೂ. ಅವಳು ಕಿಟಕಿ ಮುಚ್ಚಿದಾಗ ಮಳೆ ತಗ್ಗಬೇಕು, ಎರಡನೆಯದು. ಮಗ ಬಾಗಿಲು ತೆಗೆದಾಗ ಜೋರಾಗಬೇಕು, ಮುಚ್ಚಿದಾಗ ಮತ್ತೆ ಸಣ್ಣಗಾಗಬೇಕು. ಕೊನೆಗೆ ಮಳೆ ನಿಂತು ಹೊಳವಾಗಬೇಕು. ಒಂದೇ ಮಳೆ, ಐದು ಕ್ಯೂ! ಇದರಲ್ಲಿ ಮೊದಲನೆಯದು ಮಾತ್ರ ಸದ್ದಿನ ಫೈಲು. ಉಳಿದ ನಾಲ್ಕೂ ಫೇಡ್ ಕ್ಯೂಗಳು. ಅವಕ್ಕೆ ಸ್ವಂತ ಸದ್ದಿಲ್ಲ, ಆಗಲೇ ಬರುತ್ತಿರುವ ಸದ್ದನ್ನು ಏರಿಸುತ್ತವೆ, ಇಳಿಸುತ್ತವೆ. ಬಾಗಿಲಿನ ಫೇಡ್ ಅರ್ಧ ಸೆಕೆಂಡಿನಲ್ಲಿ ಆಗಬೇಕು. ಹೊಳವಾಗುವುದಕ್ಕೆ 15 ಸೆಕೆಂಡಾದರೂ ಕೊಡಿ. ಕ್ಯೂಲ್ಯಾಬಿನಲ್ಲಾದರೆ ಕೊನೆಯ ಫೇಡಿನಲ್ಲಿ, ಇಳಿದ ಮೇಲೆ ಫೈಲನ್ನೂ ನಿಲ್ಲಿಸು ಎಂಬ ಗುರುತು ಹಾಕಲೇಬೇಕು. ಇಲ್ಲದಿದ್ದರೆ ಮಳೆ ಕೇಳಿಸದೆ ಒಳಗೊಳಗೇ ಓಡುತ್ತಿರುತ್ತದೆ.

ಒಂದು ಕ್ಯೂ ಆದಮೇಲೆ ಇನ್ನೊಂದು ತಾನಾಗಿ ಬರುವ ಏರ್ಪಾಡೂ ಈ ತಂತ್ರಾಂಶಗಳಲ್ಲಿದೆ. ಗುಡುಗಿನ ಹಿಂದೆ ಮಳೆ ಬರಬೇಕಾದರೆ ಅದು ಬಹಳ ಚೆಂದ. ಆದರೆ ನಡುವೆ ನಟನ ಮಾತೋ ಚಲನೆಯೋ ಇದ್ದರೆ ಅದನ್ನು ಬಳಸಲೇಬೇಡಿ. ತಾಲೀಮಿನಲ್ಲಿ 4 ಸೆಕೆಂಡು ನಿಂತವಳು ಪ್ರದರ್ಶನದ ದಿನ 7 ಸೆಕೆಂಡು ನಿಂತಾಳು. ಹಾಗೆ ನಿಲ್ಲುವುದು ಅವಳ ಹಕ್ಕು. ನಮ್ಮ ಯಕ್ಷಗಾನದಲ್ಲಿ ಚಂಡೆಯವರ ಕಣ್ಣು ವೇಷಧಾರಿಯ ಹೆಜ್ಜೆಯ ಮೇಲಿರುತ್ತದೆ ಅಲ್ವಾ? ಸ್ಪೇಸ್ ಬಾರ್ ಮೇಲೆ ಬೆರಳಿಟ್ಟವರ ಕಣ್ಣೂ ರಂಗದ ಮೇಲೇ ಇರಬೇಕು. ಅದಕ್ಕೇ ಕ್ಯೂಗಳಿಗೆ ‘ರೇನ್ ಜೀರೋ ಟೂ’ ಅಂತ ಹೆಸರಿಡಬೇಡಿ. ‘ಆಯಿ ಕಿಟಕಿ ಮುಚ್ಚಿದಾಗ, ಮಳೆ ಕೆಳಗೆ’ ಎಂದು ಕನ್ನಡದಲ್ಲೇ ಬರೆಯಿರಿ. ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ನಂಬರನ್ನು 10, 20, 30 ಎಂದು ಬಿಡಿಸಿ ಕೊಟ್ಟರೆ ನಿರ್ದೇಶಕರು ಕೊನೆಗಳಿಗೆಯಲ್ಲಿ ಕೇಳುವ ನಾಯಿ ಬೊಗಳಿಕೆಗೂ ಜಾಗವಿರುತ್ತದೆ.

ಕಡಲಿನ ಸದ್ದು ಬೇಕಾದರೆ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಕಾರವಾರದ ಟಾಗೋರ್ ತೀರಕ್ಕೆ ಬೆಳಗಿನ ಜಾವ ಹೋಗಿ, ಮೈಕಿಗೆ ಗಾಳಿ ಬಡಿಯದ ಹಾಗೆ ಸ್ಪಂಜು ಹಾಕಿ ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ತೆರೆಯ ಸದ್ದು ನಮ್ಮ ಪ್ರೇಕ್ಷಕರಿಗೆ ಗೊತ್ತಾಗುತ್ತದೆ.

ಬೇರೆ ಊರಿಗೆ ಹೋಗುವಾಗ ಕ್ಯೂ ಪಟ್ಟಿಯನ್ನಷ್ಟೇ ಪೆನ್ ಡ್ರೈವಿಗೆ ಹಾಕಿದರೆ ಸಾಲದು. ಎಷ್ಟೋ ಸಲ ಪಟ್ಟಿಯಲ್ಲಿರುವುದು ಫೈಲಿನ ವಿಳಾಸ ಮಾತ್ರ. ಸದ್ದಿನ ಫೈಲುಗಳನ್ನೂ ಜೊತೆಗೇ ಒಯ್ಯಿರಿ.

ಇನ್ನು ಕರೆಂಟು. ಅದು ಹೋದಾಗ ಸ್ಪೀಕರ್ ಸತ್ತರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ, ಅದರೊಳಗಿನ ಮಳೆಯೂ. ಜನರೇಟರ್ ಹೊತ್ತಿದ ಕೂಡಲೇ ಅರ್ಧದಲ್ಲಿ ಧೋ ಎಂದು ಸುರಿಯುತ್ತದೆ. ಆದ್ದರಿಂದ ಕತ್ತಲಾದ ತಕ್ಷಣ ಎಲ್ಲ ಕ್ಯೂಗಳನ್ನೂ ನಿಲ್ಲಿಸಿ, ಸೌಂಡ್ ಮಿಕ್ಸರಿನ ಮಾಸ್ಟರ್, ಅಂದರೆ ಒಟ್ಟು ಸದ್ದಿನ ಗುಂಡಿ, ಕೆಳಗಿಳಿಸಿ. ನಟರು ಯಾವ ಮಾತಿನಿಂದ ಮತ್ತೆ ಶುರು ಮಾಡುತ್ತಾರೆಂದು ಕೇಳಿಕೊಂಡು, ಪಟ್ಟಿಯಲ್ಲಿ ಆ ಸಾಲಿಗೆ ಹೋಗಿ ಕಾಯಿರಿ.

ನಮಸ್ಕಾರ.