ಬೀಳುವ ಪೆಟ್ಟಿಗೆ, ಒಡೆಯದ ಮಗ್ಗು

ಕೇಳುಗರೆ, ನಮಸ್ಕಾರ.

ಪಿಂಗಾಣಿ ಮಗ್ಗುಗಳನ್ನು ತಾವೇ ಮಾಡಿಯೋ, ಸಗಟಿನಲ್ಲಿ ತಂದು ಚಿತ್ರ ಅಚ್ಚು ಹಾಕಿಸಿಯೋ ಮನೆಯಿಂದಲೇ ಮಾರುವವರು ಈಗ ಬಹಳ ಮಂದಿ. ಬಣ್ಣ ಆರಿಸುವುದಕ್ಕೆ, ಫೋಟೋ ತೆಗೆಯುವುದಕ್ಕೆ, ಗಿರಾಕಿಯನ್ನು ಒಪ್ಪಿಸುವುದಕ್ಕೆ ಅವರು ಪಡುವ ಶ್ರಮ ಸಣ್ಣದಲ್ಲ. ಆದರೆ ಪಾರ್ಸೆಲ್ ಕಟ್ಟುವ ಹೊತ್ತಿಗೆ ಎಷ್ಟೋ ಜನ ಕೈಗೆ ಸಿಕ್ಕ ಹಳೆ ಡಬ್ಬದೊಳಗೆ ಮಗ್ಗು ಇಟ್ಟು, ಸುತ್ತ ಒಂದಿಷ್ಟು ಪೇಪರು ತುರುಕಿ, ಮೇಲೆ ‘ಒಡೆಯುವ ವಸ್ತು, ಜೋಪಾನ’ ಎಂದು ಕೆಂಪು ಚೀಟಿ ಅಂಟಿಸಿ, ದೇವರ ಮೇಲೆ ಭಾರ ಹಾಕಿಬಿಡುತ್ತಾರೆ.

ಆ ಚೀಟಿಯ ಮಾತನ್ನೇ ಮೊದಲು ಮುಗಿಸೋಣ. ಸರಕಿನ ಪೆಟ್ಟಿಗೆಯ ಮೇಲಿನ ಗುರುತುಗಳಿಗೆ ಐಎಸ್‌ಒ 780 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕಾಲುಳ್ಳ ಗಾಜಿನ ಲೋಟ ಎಂದರೆ ಒಡೆಯುವಂಥದ್ದು, ಎರಡು ಬಾಣ ಎಂದರೆ ಈ ಕಡೆ ಮೇಲೆ, ಕೊಡೆ ಎಂದರೆ ನೆನೆಯಬಾರದು. ಅಂಟಿಸಿ, ನಷ್ಟವೇನಿಲ್ಲ. ಆದರೆ ದೊಡ್ಡ ವಿಂಗಡಣಾ ಕೇಂದ್ರದಲ್ಲಿ ನಿಮ್ಮ ಪೆಟ್ಟಿಗೆ ಬೆಲ್ಟಿನ ಮೇಲೆ ಓಡುತ್ತದೆ, ಇಳಿಜಾರಿನಲ್ಲಿ ಜಾರಿ ತನಗಿಂತ ಭಾರದ ಪೆಟ್ಟಿಗೆಗೆ ಗುದ್ದುತ್ತದೆ. ಅಲ್ಲಿನ ಯಂತ್ರ ಓದುವುದು ಬಾರ್‌ಕೋಡನ್ನು. ಲೋಟದ ಚಿತ್ರ ಅದಕ್ಕೆ ಲೆಕ್ಕಕ್ಕಿಲ್ಲ. ಆದ್ದರಿಂದ ಪೆಟ್ಟಿಗೆ ಬಿದ್ದೇ ಬೀಳುತ್ತದೆ ಎಂದುಕೊಂಡು ಕಟ್ಟುವುದು ಜಾಣತನ.

ಎಷ್ಟು ಎತ್ತರದಿಂದ ಬೀಳಬಹುದು? ಸಾಗಣೆ ಪ್ಯಾಕಿಂಗ್ ಪರೀಕ್ಷೆಗೆ ನಿಯಮ ಬರೆಯುವ ಇಸ್ಟಾ ಎಂಬ ಸಂಸ್ಥೆ ಇದೆ. ಅದರ ಮೊದಲ ಹಂತದ ಪರೀಕ್ಷೆಯಲ್ಲಿ ಹತ್ತು ಕಿಲೋಗಿಂತ ಹಗುರವಾದ ಪೆಟ್ಟಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಕೆಡವುತ್ತಾರೆ. ಒಂದು ಮೂಲೆಯ ಮೇಲೆ ಒಮ್ಮೆ, ಆ ಮೂಲೆಗೆ ಬಂದು ಸೇರುವ ಮೂರು ಅಂಚುಗಳ ಮೇಲೆ, ಆಮೇಲೆ ಆರೂ ಮುಖಗಳ ಮೇಲೆ. 76 ಸೆಂಟಿಮೀಟರ್ ಎಂದರೆ ಹೆಚ್ಚುಕಡಿಮೆ ಮೇಜಿನ ಎತ್ತರ. ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಅಚ್ಚು ಕೆಟ್ಟು ಮಾರಾಟಕ್ಕೆ ಬಾರದ ಒಂದು ಮಗ್ಗನ್ನು ಇದಕ್ಕೆ ಮೀಸಲಿಡಿ.

ಈಗ ಒಂದು ಸಣ್ಣ ಲೆಕ್ಕ. ಬೀಳುವ ಮಗ್ಗು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎನ್ನುವುದರ ಮೇಲೆ ಪೆಟ್ಟಿನ ಜೋರು ನಿಂತಿದೆ. ಅಷ್ಟೆತ್ತರದಿಂದ ಬಿದ್ದದ್ದು 5 ಮಿಲಿಮೀಟರಿನಲ್ಲೇ ನಿಂತುಬಿಟ್ಟರೆ ಅದರ ಮೇಲೆ ಸರಾಸರಿ ತನ್ನ ತೂಕದ ನೂರೈವತ್ತು ಪಟ್ಟು ಬಲ ಬೀಳುತ್ತದೆ. 350 ಗ್ರಾಂ ಮಗ್ಗಿಗೆ ಅದು ಐವತ್ತು ಕಿಲೋ ಹೇರಿದ ಹಾಗೆ. ಒಳಗಿನ ಮೆತ್ತೆ 2 ಸೆಂಟಿಮೀಟರ್ ಕುಗ್ಗಿ ನಿಧಾನಕ್ಕೆ ನಿಲ್ಲಿಸಿದರೆ ಹದಿಮೂರು ಕಿಲೋ ಚಿಲ್ಲರೆ. ಎಲ್ಲ ಕಡೆಯೂ 5 ಸೆಂಟಿಮೀಟರ್ ಮೆತ್ತೆ ಇರಲಿ ಎಂದು ಪ್ಯಾಕಿಂಗ್ ಬಲ್ಲವರು ಹೇಳುವುದು ಇದಕ್ಕೇ. ಮೆತ್ತೆ ಕುಗ್ಗುವುದಕ್ಕೆ ಜಾಗ ಬೇಕು. ಕಲ್ಲಿನಂತೆ ಗಿಡಿದು ತುಂಬಿದ ಪೇಪರು ಕುಗ್ಗುವುದಿಲ್ಲ, ಸಡಿಲವಾಗಿ ತುಂಬಿದ್ದು ಮೂರು ಕುಲುಕಿಗೆ ತಳಕ್ಕೆ ಕೂತು ಮಗ್ಗನ್ನು ಗೋಡೆಗೆ ತಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗಿಂದ ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಬೇಕು, ಬೇರೆ ದಾರಿಯಿಲ್ಲ.

ಪಿಂಗಾಣಿ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತ ಬಾಗುವಿಕೆಗಳನ್ನು ತಾಳುವುದಿಲ್ಲ. ಮಗ್ಗಿನಲ್ಲಿ ಆಚೆ ಚಾಚಿಕೊಂಡಿರುವುದು ಹಿಡಿ, ಬಾಗುವ ಪೆಟ್ಟು ತಿನ್ನುವುದೂ ಅದೇ. ಹಿಡಿಯು ಮೈಗೆ ಕೂಡುವ ಜಾಗದಲ್ಲೇ ಬಿರುಕು ಹುಟ್ಟುವುದು ಹೆಚ್ಚು. ಹಾಗಾಗಿ ಸುತ್ತುವ ಕೆಲಸ ಹಿಡಿಯಿಂದಲೇ ಶುರುವಾಗಲಿ. ಒಂದು ಹಾಳೆಯನ್ನು ಹುರಿಯಂತೆ ತಿರುಚಿ ಹಿಡಿಯ ಸಂದಿನಲ್ಲಿ ತೂರಿಸಿ, ಸಂದು ತುಂಬುವವರೆಗೆ. ಮಗ್ಗಿನ ಹೊಟ್ಟೆಗೂ ಮುದುರಿದ ಕಾಗದ ತುಂಬಿ. ಅಚ್ಚಾದ ಸುದ್ದಿಪತ್ರಿಕೆ ಬೇಡ, ಅದರ ಶಾಯಿ ಬಿಳಿ ಮಗ್ಗಿಗೆ ಮೆತ್ತುತ್ತದೆ. ಮೇಲೆ ತೆಳು ಕಾಗದ ಒಂದು ಸುತ್ತು. ಆಮೇಲೆ ಬಬಲ್ ರ‍್ಯಾಪ್, ಗುಳ್ಳೆ ಒಳಮುಖವಾಗಿ, ಎರಡು ಸುತ್ತು. ಬಾಯಿ ತಳ ಎರಡೂ ಕಡೆ ಮಡಚಿ ಟೇಪು ಹಾಕಿ, ಗುಳ್ಳೆ ಪಟಪಟ ಒಡೆಯುವಷ್ಟು ಬಿಗಿಯಬೇಡಿ. ಅಂದಹಾಗೆ ಈ ಗುಳ್ಳೆ ಹಾಳೆ ಹುಟ್ಟಿದ್ದು ಪ್ಯಾಕಿಂಗಿಗಲ್ಲ. 1957ರಲ್ಲಿ ಅಮೆರಿಕದಲ್ಲಿ ಇಬ್ಬರು ಎಂಜಿನಿಯರುಗಳು ಗೋಡೆಗೆ ಅಂಟಿಸುವ ಉಬ್ಬು ಹಾಳೆ ಮಾಡಲು ಹೊರಟಿದ್ದರು. ಗೋಡೆಗೆ ಅದನ್ನು ಯಾರೂ ಕೇಳಲಿಲ್ಲ.

ರಟ್ಟಿನ ಕಥೆ ಬೇರೆ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಎಂಬಾತ ಅಲೆಯಲೆ ಕಾಗದಕ್ಕೆ ಪೇಟೆಂಟ್ ಪಡೆದದ್ದೇ ಗಾಜಿನ ಶೀಶೆ, ದೀಪದ ಚಿಮಣಿಗಳನ್ನು ಸುತ್ತಲು. ಇಂದಿನ ಪೆಟ್ಟಿಗೆಯ ಬಲವೂ ಆ ಅಲೆಗಳಲ್ಲೇ ಇದೆ. ಅವು ನಜ್ಜಾದರೆ, ಇಲ್ಲವೇ ತೇವ ಹೀರಿದರೆ, ರಟ್ಟು ಬರೀ ದಪ್ಪ ಕಾಗದ. ಬಳಸಿದ ಪೆಟ್ಟಿಗೆಯನ್ನು ಮಗ್ಗಿಗೆ ಬಳಸಬೇಡಿ ಎನ್ನುತ್ತೇನೆ, ಉಳಿತಾಯ ಎಷ್ಟೇ ಆಸೆ ಹುಟ್ಟಿಸಲಿ. ಒಂದು ಮಗ್ಗಿಗೆ ಮೂರು ಪದರದ ಗಟ್ಟಿ ಹೊಸ ಪೆಟ್ಟಿಗೆ ಸಾಕು, ನಾಲ್ಕಾರು ಮಗ್ಗಿಗೆ ಐದು ಪದರದ್ದು ಬೇಕು, ನಡುವೆ ರಟ್ಟಿನ ಅಡ್ಡಗೋಡೆಯೂ ಬೇಕು. ಮುಚ್ಚಳ ಕೂಡುವ ಗೆರೆಗೂ ಎರಡು ಬದಿಯ ಅಂಚುಗಳಿಗೂ ಟೇಪು, ಮೇಲೆ ಕೆಳಗೆ ಎರಡೂ ಕಡೆ.

ಇಷ್ಟು ಮೆತ್ತೆಗೆ ಸಾಗಣೆಯಲ್ಲಿ ಬೆಲೆ ತೆರಬೇಕು. ಹಲವು ಕೊರಿಯರ್‌ಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಬಂದ ಸಂಖ್ಯೆ ನಿಜ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ಹಣ. 22, 18, 20ರ ಪೆಟ್ಟಿಗೆ ಒಂದೂವರೆ ಕಿಲೋ ದಾಟುತ್ತದೆ, ಒಳಗಿನ ಮಗ್ಗು ಅರ್ಧ ಕಿಲೋ ಇಲ್ಲದಿದ್ದರೂ. ಎರಡು ಮಗ್ಗಿಗೆ ಪೆಟ್ಟಿಗೆ ಇಮ್ಮಡಿಯಾಗಬೇಕಿಲ್ಲ, ಆದ್ದರಿಂದ ಜೋಡಿ ಮಾರುವುದು ಲಾಭ. ಬೆಲೆ ಕಟ್ಟುವ ಮುಂಚೆಯೇ ಈ ಲೆಕ್ಕ ಹಾಕಿಕೊಳ್ಳಿ.

ಇಷ್ಟಾಗಿಯೂ ಆಗೊಂದು ಈಗೊಂದು ಒಡೆಯುತ್ತದೆ. ಗಿರಾಕಿ ದೂರಿದಾಗ ಚೂರುಗಳ ಫೋಟೋ ಒಂದೇ ಸಾಲದು, ಪೆಟ್ಟಿಗೆಯದ್ದೂ ಒಳಗಿನ ಮೆತ್ತೆಯದ್ದೂ ಕೇಳಿ. ಹಿಡಿ ಮಾತ್ರ ಮುರಿದಿದ್ದರೆ ಅದರ ಸಂದು ಖಾಲಿ ಉಳಿದಿತ್ತೋ, ಹಿಡಿ ಗೋಡೆಗೆ ತಾಗುತ್ತಿತ್ತೋ ನೋಡಿ. ಎರಡು ಮಗ್ಗು ಒಂದಕ್ಕೊಂದು ಎದುರಾಗಿ ಒಡೆದಿದ್ದರೆ ಅಡ್ಡಗೋಡೆ ಜರುಗಿದೆ. ಪೆಟ್ಟಿಗೆಯ ಮೂಲೆ ಕುಸಿದು ತಳ ಸೀಳಿದ್ದರೆ ರಟ್ಟು ತೆಳ್ಳಗಾಯಿತು. ಹೊರಗೆ ಒಂದು ಗೀರೂ ಇಲ್ಲದೆ ಒಳಗೆ ಚೂರಾಗಿದ್ದರೆ ತಪ್ಪು ಮೆತ್ತೆಯದ್ದು, ಮುಂದಿನ ಪಾರ್ಸೆಲ್ಲಿಗೆ ಇನ್ನೂ ಒಂದು ಸುತ್ತು ಹೆಚ್ಚು ಹಾಕಿ.