ಸಿನಿಮಾದವರಿಗೆ ಬೇಡವಾಗಿದ್ದ ಹಾಡು: 16 ವಾರ ನಂಬರ್ ಒನ್ ಆದ ಬ್ರಯಾನ್ ಆಡಮ್ಸ್ ಕತೆ

[ತೆರೆಯ ಮೇಲೆ: 1991 ಎಂಬ ಅಂಕಿ. ಹಿನ್ನೆಲೆಯಲ್ಲಿ ನಿಧಾನವಾದ ಪಿಯಾನೋ]

1991ರ ಜುಲೈ. ಬ್ರಿಟನ್‌ನ ಹಾಡುಗಳ ವಾರದ ಪಟ್ಟಿಯಲ್ಲಿ ಒಂದು ಹಾಡು ನಂಬರ್ ಒನ್ ಆಯಿತು. ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಕಳೆಯಿತು, ಬೇಸಿಗೆ ರಜೆ ಮುಗಿದು ಮಕ್ಕಳು ಸ್ಕೂಲಿಗೂ ವಾಪಸ್ ಹೋದರು. ಹಾಡು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಅಕ್ಟೋಬರ್ ಕೊನೆಗೆ ಯು2 ತಂಡದ 'ದ ಫ್ಲೈ' ಬಂದು ಕೆಳಗಿಳಿಸುವ ಹೊತ್ತಿಗೆ 16 ವಾರ ಆಗಿತ್ತು. ನಡುವೆ ಒಂದು ವಾರವೂ ತಪ್ಪಿರಲಿಲ್ಲ. ಅದಕ್ಕೆ ಮೊದಲು ಸತತ 11 ವಾರದ ದಾಖಲೆ ಅಮೆರಿಕದ ಗಾಯಕ ಸ್ಲಿಮ್ ವಿಟ್ಮನ್ ಹೆಸರಲ್ಲಿತ್ತು, ಅದೂ 1955ರದ್ದು. ಬ್ರಿಟನ್‌ನಲ್ಲಿ ಸತತ 16 ವಾರದ ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ.

ಹಾಡು ಯಾವುದು ಅಂತ ನಿಮಗೆ ಗೊತ್ತಾಗಿರುತ್ತದೆ. ಬ್ರಯಾನ್ ಆಡಮ್ಸ್ ಹಾಡಿದ 'ಎವ್ರಿಥಿಂಗ್ ಐ ಡು, ಐ ಡು ಇಟ್ ಫಾರ್ ಯು'. ಆಡಮ್ಸ್ ಬೆಂಗಳೂರಿಗೂ ಒಂದಕ್ಕಿಂತ ಹೆಚ್ಚು ಸಲ ಬಂದು ಹಾಡಿಹೋಗಿದ್ದಾರೆ. ಇಂಗ್ಲಿಷ್ ಹಾಡು ಅಷ್ಟಾಗಿ ಕೇಳದವರಿಗೂ ಇದರ ಮೊದಲ ಸಾಲಿನ ಧಾಟಿ ಎಲ್ಲೋ ಕಿವಿಗೆ ಬಿದ್ದಿರುತ್ತದೆ.

ಇಷ್ಟು ದೊಡ್ಡ ಹಿಟ್ ಆದ ಈ ಹಾಡನ್ನು ಇಬ್ಬರು ದೂರ ಇಟ್ಟಿದ್ದರು. ಮೊದಲನೆಯದಾಗಿ, ಯಾರ ಸಿನಿಮಾಗೆ ಅಂತ ಬರೆದಿದ್ದೋ ಅವರೇ. ಎರಡನೆಯದು ಆಡಮ್ಸ್ ಅವರ ಸ್ವಂತ ದೇಶ ಕೆನಡಾ. ಅಲ್ಲಿನ ರೇಡಿಯೋ ನಿಯಮ, ಇದು ನಮ್ಮ ಹಾಡೇ ಅಲ್ಲ ಅಂತ ಹೇಳಿತು. ಎರಡೂ ಅರ್ಥವಾಗಬೇಕಾದರೆ ಹಾಡು ಹುಟ್ಟಿದ ಬಗೆ ನೋಡಬೇಕು. ಈ ಹಾಡು ಒಬ್ಬರದ್ದಲ್ಲ, ಮೂರು ಜನರದ್ದು. ಮೂವರೂ ಬೇರೆ ಬೇರೆ ದೇಶದವರು.

[ತೆರೆಯ ಮೇಲೆ: ಮೈಕೆಲ್ ಕೇಮನ್ ಚಿತ್ರ]

ಮೊದಲನೆಯವರು ಮೈಕೆಲ್ ಕೇಮನ್. ನ್ಯೂಯಾರ್ಕ್‌ನವರು, ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಓಬೋ ಅನ್ನುವ ಊದುವ ವಾದ್ಯ ಕಲಿತವರು. ಆದರೆ ರಾಕ್ ಅಂದರೆ ಅವರಿಗೆ ಪ್ರಾಣ. ಪಿಂಕ್ ಫ್ಲಾಯ್ಡ್‌ನ 'ದ ವಾಲ್' ಆಲ್ಬಂಗೆ ಆರ್ಕೆಸ್ಟ್ರಾ ಕೂಡಿಸಿದವರು ಅವರು. 'ಡೈ ಹಾರ್ಡ್' ಸಿನಿಮಾದ ಹಿನ್ನೆಲೆ ಸಂಗೀತವೂ ಅವರದ್ದೇ. ಎರಡೂ ಕಡೆ ಸಲೀಸಾಗಿ ಓಡಾಡುವ ಇಂಥ ಸಂಗೀತಗಾರರು ಕಡಿಮೆ.

1991ರಲ್ಲಿ ಕೇಮನ್ ಕೈಯಲ್ಲಿದ್ದ ಸಿನಿಮಾ 'ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್'. ಕೆವಿನ್ ಕಾಸ್ಟ್ನರ್ ರಾಬಿನ್, ಮೇರಿ ಎಲಿಜಬೆತ್ ಮಾಸ್ಟ್ರಾಂಟೋನಿಯೋ ಅವನ ಪ್ರೇಯಸಿ ಮರಿಯನ್, ಅಲನ್ ರಿಕ್ಮನ್ ಖಳನಾಯಕ. ಕತೆ ನಡೆಯುವುದು 12ನೇ ಶತಮಾನದ ಇಂಗ್ಲೆಂಡಿನಲ್ಲಿ. ಮರಿಯನ್ ಪಾತ್ರಕ್ಕೆ ಅಂತ ಕೇಮನ್ ಆರ್ಕೆಸ್ಟ್ರಾದಲ್ಲಿ ಒಂದು ಮೃದುವಾದ ಸ್ವರಗುಚ್ಛ ಮಾಡಿದ್ದರು. ಸಿನಿಮಾದ ಹಿನ್ನೆಲೆ ಸಂಗೀತದ ಆಲ್ಬಂನಲ್ಲಿ 'ಮೇಡ್ ಮರಿಯನ್' ಅಂತ ಒಂದು ತುಣುಕಿದೆ, ಹುಡುಕಿ ಕೇಳಿ. ಅದರಲ್ಲಿ ಹಾಡಿಲ್ಲ, ಮಾತಿಲ್ಲ. ಆದರೂ ಕೇಳಿದ ತಕ್ಷಣ, ಅರೆ, ಇದು ಅದೇ ಅಲ್ವಾ ಅನ್ನಿಸುತ್ತದೆ.

ಆ ಸಂಗೀತ ಬ್ರಯಾನ್ ಆಡಮ್ಸ್ ಕೈಗೆ ಬಂತು. ಆಗ ಆಡಮ್ಸ್ ಹೊಸಬರೇನಲ್ಲ. 1984ರ 'ರೆಕ್ಲೆಸ್' ಆಲ್ಬಂ ಅವರನ್ನು ದೊಡ್ಡ ಸ್ಟಾರ್ ಮಾಡಿತ್ತು. 'ಸಮರ್ ಆಫ್ ಸಿಕ್ಸ್ಟಿ ನೈನ್' ಅದರಲ್ಲೇ ಇರುವುದು. ಆದರೆ 1987ರಲ್ಲಿ ಬಂದ ಮುಂದಿನ ಆಲ್ಬಂ ಅಷ್ಟು ಓಡಿರಲಿಲ್ಲ. ಹಾಗಾಗಿ ಅವರು ಹೊಸ ಜೊತೆಗಾರರೊಬ್ಬರ ಜೊತೆ ಲಂಡನ್‌ನಲ್ಲಿ ಕೂತು ಹೊಸ ಆಲ್ಬಂ ಮಾಡುತ್ತಿದ್ದರು.

ಆ ಜೊತೆಗಾರ ರಾಬರ್ಟ್ ಜಾನ್ ಲ್ಯಾಂಗ್. ಎಲ್ಲರೂ ಕರೆಯುವುದು 'ಮಟ್' ಲ್ಯಾಂಗ್ ಅಂತ. ಹುಟ್ಟಿದ್ದು ಈಗಿನ ಜಾಂಬಿಯಾದಲ್ಲಿ, ಬೆಳೆದದ್ದು ದಕ್ಷಿಣ ಆಫ್ರಿಕಾದಲ್ಲಿ. ಎಸಿ/ಡಿಸಿ ತಂಡದ 'ಬ್ಯಾಕ್ ಇನ್ ಬ್ಲ್ಯಾಕ್', ಡೆಫ್ ಲೆಪರ್ಡ್‌ನ 'ಹಿಸ್ಟೀರಿಯಾ' ಎಲ್ಲ ಅವರ ಪ್ರೊಡಕ್ಷನ್. ಮನುಷ್ಯ ಸಂದರ್ಶನ ಕೊಡುವುದೇ ಅಪರೂಪ. ಆದರೆ ಎಂಬತ್ತರ ದಶಕದ ರಾಕ್ ಸೌಂಡ್ ಹೇಗಿರಬೇಕು ಅಂತ ತೀರ್ಮಾನ ಮಾಡಿದ ಕೆಲವೇ ಜನರಲ್ಲಿ ಇವರೂ ಒಬ್ಬರು.

ಕೇಮನ್ ಕೊಟ್ಟ ಸಂಗೀತವನ್ನು ಇಟ್ಟುಕೊಂಡು ಇಬ್ಬರೂ ಕೂತರು. ಸುಮಾರು 45 ನಿಮಿಷದಲ್ಲಿ ಹಾಡು ಮುಗಿದಿತ್ತು ಅಂತ ಆಡಮ್ಸ್ ಹೇಳಿದ್ದಾರೆ. ನಮ್ಮ ಸಿನಿಮಾಗಳಲ್ಲಿ ಮಾಡುವ ಹಾಗೇ ನೋಡಿ, ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಹಾಡಿನ ಹೆಸರಿಗೆ ಎಳೆ ಸಿಕ್ಕಿದ್ದು ಸಿನಿಮಾದ್ದೇ ಒಂದು ಮಾತಿನಲ್ಲಿ. ರಾಬಿನ್ ಮತ್ತು ಮರಿಯನ್ ಮಾತಾಡುವಾಗ, ರಾಜನಿಗೋಸ್ಕರ ಅಲ್ಲ, ನಿನಗೋಸ್ಕರ ಮಾಡ್ತೀನಿ ಅನ್ನುವ ಅರ್ಥದ ಮಾತು ಬರುತ್ತದೆ. ಆ ಒಂದು ಎಳೆಯನ್ನು ಹಿಡಿದು ಇಡೀ ಹಾಡು ಹೆಣೆದರು. ಗಮನಿಸಿ, ಹಾಡಿನಲ್ಲಿ ಬಿಲ್ಲಿಲ್ಲ, ಬಾಣವಿಲ್ಲ, ಕಾಡಿಲ್ಲ, ರಾಬಿನ್ ಹೆಸರೂ ಇಲ್ಲ. ಸಿನಿಮಾ ನೋಡದವರೂ ಇದನ್ನು ತಮ್ಮದು ಮಾಡಿಕೊಂಡದ್ದು ಅದಕ್ಕೇ.

[ತೆರೆಯ ಮೇಲೆ: ಹಾಡಿನ ಅಲೆಗಳ ಗ್ರಾಫ್, ಮಧ್ಯಭಾಗಕ್ಕೆ ಗುರುತು]

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಹಾಡು ಕೇಳುವುದಕ್ಕೆ ತುಂಬಾ ಸರಳ. ಶುರುವಿನಲ್ಲಿ ಕೀಬೋರ್ಡ್, ಅದರ ಮೇಲೆ ಆಡಮ್ಸ್ ಅವರ ಆ ಗೊಗ್ಗರು ದನಿ, ಅಷ್ಟೇ. ಡ್ರಮ್ಸ್ ಕಾಯುತ್ತದೆ. ಎರಡು ಚರಣದವರೆಗೂ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, ಒಂದೇ ಸ್ಕೇಲ್‌ನ, ಅಂದರೆ ಒಂದೇ ಸ್ವರಶ್ರೇಣಿಯ ಒಳಗೆ ಓಡಾಡುತ್ತವೆ, ಗಿಟಾರ್ ಕಲಿಯುವ ಹುಡುಗರಿಗೂ ಕಷ್ಟ ಅನ್ನಿಸದ ಕಾರ್ಡ್‌ಗಳು. ಆಮೇಲೆ ಬ್ರಿಜ್, ಅಂದರೆ ಹಾಡಿನ ನಡುವೆ ಧಾಟಿ ಬದಲಾಗುವ ಭಾಗ ಬರುತ್ತದೆ. ನಿನ್ನಂಥ ಪ್ರೀತಿ ಬೇರೆ ಇಲ್ಲ ಅಂತ ಹಾಡುವ ಜಾಗ. ಅಲ್ಲಿ ಕಾರ್ಡ್‌ಗಳು ಇದ್ದಕ್ಕಿದ್ದ ಹಾಗೆ ಸ್ಕೇಲ್ ದಾಟಿ ಹೊರಗೆ ಹೋಗುತ್ತವೆ. ಹಾಡು 'ಸಿ' ಮೇಜರ್‌ನಲ್ಲಿದೆ ಅಂದುಕೊಂಡು ನುಡಿಸಿದರೆ ಅಲ್ಲಿ ಬರುವುದು 'ಬಿ' ಫ್ಲ್ಯಾಟ್, 'ಇ' ಫ್ಲ್ಯಾಟ್. ಅವೆರಡೂ ಆ ಸ್ಕೇಲ್‌ನವಲ್ಲ. ಕೇಳುವವರಿಗೆ ಇದರ ಲೆಕ್ಕ ಗೊತ್ತಿರಬೇಕಾಗಿಲ್ಲ. ಎದೆಯಲ್ಲಿ ಏನೋ ಒಂದು ಮೇಲಕ್ಕೆ ಬಂದ ಹಾಗಾಗುತ್ತದೆ, ಅಷ್ಟೇ. ಅದರ ಬೆನ್ನಿಗೇ ಆಡಮ್ಸ್ ತಂಡದ ಕೀತ್ ಸ್ಕಾಟ್ ಅವರ ಗಿಟಾರ್ ಸೋಲೋ. ಬೆರಳಿನ ವೇಗ ತೋರಿಸುವ ಸೋಲೋ ಅಲ್ಲ ಅದು, ಹಾಡಿನ ಮಾತು ನಿಂತ ಕಡೆಯಿಂದ ಮುಂದುವರಿಯುವ ಸೋಲೋ. ಆಮೇಲೆ ಮತ್ತೆ ಹಳೆಯ ಸ್ಕೇಲ್‌ಗೆ ಬಂದಾಗ ಮನೆಗೆ ಬಂದ ನೆಮ್ಮದಿ. ಈ ಜಾಗವನ್ನು ನಾನು ಎಷ್ಟು ಸಲ ಕೇಳಿದರೂ ಸಾಕು ಅನ್ನಿಸಿಲ್ಲ.

ರೇಡಿಯೋದಲ್ಲಿ ಬರುತ್ತಿದ್ದದ್ದು ನಾಲ್ಕು ನಿಮಿಷದ ಚಿಕ್ಕ ರೂಪ. ಆಲ್ಬಂನಲ್ಲಿ ಇರುವುದು ಸುಮಾರು ಆರೂವರೆ ನಿಮಿಷದ್ದು. ಸಾಧ್ಯವಾದರೆ ಆ ದೊಡ್ಡದನ್ನೇ ಕೇಳಿ.

[ತೆರೆಯ ಮೇಲೆ: ಸಿನಿಮಾದ ಕೊನೆಯ ಕ್ರೆಡಿಟ್ಸ್ ಮೇಲಕ್ಕೆ ಓಡುತ್ತಿರುವ ದೃಶ್ಯ]

ಹಾಡು ಸಿದ್ಧವಾಯಿತು, ಸಿನಿಮಾದವರಿಗೆ ಕೇಳಿಸಿದರು. ಅವರಿಗೆ ಹಿಡಿಸಲಿಲ್ಲ. 12ನೇ ಶತಮಾನದ ಕತೆಗೆ ಎಲೆಕ್ಟ್ರಿಕ್ ಗಿಟಾರ್ ಯಾಕೆ? ಲ್ಯೂಟ್, ಮ್ಯಾಂಡೊಲಿನ್ ಥರದ ಹಳೇ ತಂತಿವಾದ್ಯಗಳನ್ನು ಹಾಕಿ, ಆ ಕಾಲಕ್ಕೆ ಹೊಂದುವ ಹಾಗೆ ಮಾಡಿ ಅಂತ ಅವರ ಒತ್ತಾಯ. ಆಡಮ್ಸ್, ಲ್ಯಾಂಗ್ ಒಪ್ಪಲಿಲ್ಲ. ಕೊನೆಗೆ ಹಾಡು ಸಿನಿಮಾದ ಒಳಗೆ ಎಲ್ಲೂ ಬರಲಿಲ್ಲ. ಕತೆ ಮುಗಿದ ಮೇಲೆ, ಹೆಸರುಗಳು ಓಡುವಾಗ ಹಾಕಿದರು. ಅದೂ ಕ್ರೆಡಿಟ್ಸ್ ಅರ್ಧ ಹೋದ ಮೇಲೆ ಹಾಕಿದರು ಅಂತ ಆಡಮ್ಸ್ ಬೇಸರದಿಂದ ಹೇಳಿಕೊಂಡಿದ್ದಾರೆ. ಜನ ಸೀಟಿನಿಂದ ಎದ್ದು ಬಾಗಿಲ ಕಡೆ ಹೊರಟಿರುವ ಹೊತ್ತು ಅದು.

ಸಿನಿಮಾದವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಕಾಲಕ್ಕೆ ಹೊಂದುವ ಸಂಗೀತ ಕೇಳುವುದು ತಪ್ಪಲ್ಲ. ಆದರೆ ಆ ಟ್ಯೂನ್ ಆಗಲೇ ಕೇಮನ್ ಅವರ ಆರ್ಕೆಸ್ಟ್ರಾ ಮೂಲಕ ಸಿನಿಮಾದ ಉದ್ದಕ್ಕೂ ಜನರ ಕಿವಿಯಲ್ಲಿ ಇಳಿದಿತ್ತು. ಕೊನೆಯಲ್ಲಿ ಅದೇ ಟ್ಯೂನ್ ಮಾತಾಗಿ ಬಂದಾಗ ಹೊಸದು ಅನ್ನಿಸಲೇ ಇಲ್ಲ. ಸಿನಿಮಾಗೂ ಹಾಡಿಗೂ ನಂಟು ಇದ್ದದ್ದು ಟ್ಯೂನ್‌ನಲ್ಲಿ. ವಾದ್ಯ ಬದಲಾಯಿಸಿದ್ದರೆ ಅದಕ್ಕೆ ಹೆಚ್ಚೇನೂ ಸೇರುತ್ತಿರಲಿಲ್ಲ.

ಜೂನ್‌ನಲ್ಲಿ ಸಿನಿಮಾ ಬಂತು, ಹಾಡೂ ಬಂತು. ಅಮೆರಿಕದಲ್ಲಿ 7 ವಾರ ನಂಬರ್ ಒನ್. ಕೆನಡಾದಲ್ಲಿ 9 ವಾರ. ಬ್ರಿಟನ್‌ನ 16 ವಾರ ಆಗಲೇ ಹೇಳಿದೆ. ಸಿನಿಮಾಗೆ ಬರೆದ ಹಾಡಿಗೆ ಕೊಡುವ ಗ್ರ್ಯಾಮಿ ಬಂತು. ಆಸ್ಕರ್‌ಗೆ ನಾಮಿನೇಟ್ ಆಯಿತು, ಗೆದ್ದದ್ದು ಮಾತ್ರ 'ಬ್ಯೂಟಿ ಆಂಡ್ ದ ಬೀಸ್ಟ್'ನ ಹಾಡು.

[ತೆರೆಯ ಮೇಲೆ: ನಾಲ್ಕು ಭಾಗ ಮಾಡಿದ ವೃತ್ತ, ಒಳಗೆ ಎಂ, ಎ, ಪಿ, ಎಲ್]

ಈಗ ಕೆನಡಾದ ವಿಷಯ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಕೆನಡಾದ ಬಹುಪಾಲು ಜನ ಅಮೆರಿಕದ ಗಡಿಗೆ ಹತ್ತಿರವೇ ಇರುವುದು. ರೇಡಿಯೋ ಹಾಕಿದರೆ ಅಮೆರಿಕದ ಹಾಡುಗಳದ್ದೇ ಅಬ್ಬರ. ನಮ್ಮ ಹುಡುಗರ ಹಾಡು ಯಾರು ಹಾಕುತ್ತಾರೆ ಅನ್ನುವ ಆತಂಕ. ಬೆಂಗಳೂರಿನ ಎಫ್‌ಎಂಗಳಲ್ಲಿ ಕನ್ನಡ ಹಾಡಿಗಾಗಿ ದನಿ ಎತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ 1971ರಲ್ಲಿ ರೇಡಿಯೋ, ಟಿವಿಗಳನ್ನು ನಿಯಂತ್ರಿಸುವ ಅಲ್ಲಿನ ಸರ್ಕಾರಿ ಸಂಸ್ಥೆ ಸಿಆರ್‌ಟಿಸಿ ಒಂದು ನಿಯಮ ತಂದಿತು. ಎಎಂ ರೇಡಿಯೋದಲ್ಲಿ ಹಾಕುವ ಹಾಡುಗಳಲ್ಲಿ ಶೇ. 30 ಕೆನಡಾದವೇ ಇರಬೇಕು.

ಆದರೆ ಯಾವುದು ಕೆನಡಾ ಹಾಡು? ಅದಕ್ಕೆ ನಾಲ್ಕು ಅಂಕದ ಲೆಕ್ಕ, ತೆರೆಯ ಮೇಲಿನ ಎಂ, ಎ, ಪಿ, ಎಲ್ ಅಂದರೆ ಅದೇ. ಸಂಗೀತ ಕೆನಡಾದವರದ್ದಾದರೆ ಒಂದು. ಹಾಡಿದವರು ಕೆನಡಾದವರಾದರೆ ಒಂದು. ರೆಕಾರ್ಡಿಂಗ್ ಪೂರ್ತಿ ಕೆನಡಾದಲ್ಲೇ ಆಗಿದ್ದರೆ ಒಂದು. ಸಾಹಿತ್ಯ ಕೆನಡಾದವರದ್ದಾದರೆ ಒಂದು. ನಾಲ್ಕರಲ್ಲಿ ಎರಡು ಬಂದರೆ ಪಾಸ್. ರೆಕಾರ್ಡ್‌ಗಳ ಮೇಲೆ ಒಂದು ಪುಟ್ಟ ವೃತ್ತ ಹಾಕಿ, ಸಿಕ್ಕ ಅಂಕದ ಭಾಗಕ್ಕೆ ಕಪ್ಪು ಬಳಿಯುತ್ತಿದ್ದರು. ರೇಡಿಯೋದವರಿಗೆ ಒಂದು ನೋಟಕ್ಕೆ ತಿಳಿಯುತ್ತಿತ್ತು.

ಈಗ ನಮ್ಮ ಹಾಡಿಗೆ ಅಂಕ ಹಾಕೋಣ. ಹಾಡಿದವರು ಆಡಮ್ಸ್, ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದವರು. ಒಂದು ಅಂಕ. ರೆಕಾರ್ಡಿಂಗ್ ಲಂಡನ್‌ನಲ್ಲಿ. ಸೊನ್ನೆ. ಸಂಗೀತದಲ್ಲಿ ಕೇಮನ್, ಲ್ಯಾಂಗ್ ಇಬ್ಬರೂ ಸೇರಿದ್ದಾರೆ, ಸೊನ್ನೆ. ಸಾಹಿತ್ಯದಲ್ಲಿ ಲ್ಯಾಂಗ್ ಪಾಲಿದೆ, ಅದಕ್ಕೂ ಸೊನ್ನೆ. ಒಟ್ಟು ನಾಲ್ಕರಲ್ಲಿ ಒಂದು. ಫೇಲ್!

ಈ ಹಾಡಷ್ಟೇ ಅಲ್ಲ, ಲ್ಯಾಂಗ್ ಜೊತೆ ಬರೆದ 'ವೇಕಿಂಗ್ ಅಪ್ ದ ನೇಬರ್ಸ್' ಆಲ್ಬಂ ಕತೆಯೂ ಇದೇ ಆಯಿತು. ಹಾಡನ್ನು ಯಾರೂ ನಿಷೇಧಿಸಲಿಲ್ಲ, ರೇಡಿಯೋದಲ್ಲಿ ಬರುತ್ತಲೇ ಇತ್ತು. ಆದರೆ ಶೇ. 30ರ ಲೆಕ್ಕಕ್ಕೆ ಬರಲಿಲ್ಲ. ಅದೇ ಒಬ್ಬ ಕೆನಡಾ ಗಾಯಕ ಟೊರೊಂಟೊದಲ್ಲಿ ಕೂತು, ಪೂರ್ತಿ ಅಮೆರಿಕದವರು ಬರೆದ ಹಾಡನ್ನು ರೆಕಾರ್ಡ್ ಮಾಡಿದರೆ? ಗಾಯಕನಿಗೆ ಒಂದು, ರೆಕಾರ್ಡಿಂಗ್‌ಗೆ ಒಂದು. ಪಾಸ್. ತಾನೇ ಕೂತು ಬರೆದವನು ಹೊರಗೆ, ಬೇರೆಯವರು ಬರೆದದ್ದನ್ನು ಹಾಡಿದವನು ಒಳಗೆ.

1992ರ ಶುರುವಿನಲ್ಲಿ ಆಡಮ್ಸ್ ಇದರ ವಿರುದ್ಧ ಬಹಿರಂಗವಾಗಿಯೇ ಸಿಡಿದರು. ಇಂಥ ನಿಯಮವೇ ಬೇಡ ಅನ್ನುವ ಮಟ್ಟಕ್ಕೆ ಹೋದರು. ಅಷ್ಟು ದೂರ ನಾನು ಅವರ ಜೊತೆ ಹೋಗಲಾರೆ. ಚಿಕ್ಕ ಮಾರುಕಟ್ಟೆಯ ಹಾಡುಗಾರರಿಗೆ ರೇಡಿಯೋದಲ್ಲಿ ಜಾಗ ಕೊಡಿಸಿದ್ದು ಆ ನಿಯಮವೇ. ಆದರೆ ಅಂಕ ಹಾಕುವ ರೀತಿ ಸರಿ ಇರಲಿಲ್ಲ, ಅದರಲ್ಲಿ ಅನುಮಾನ ಬೇಡ. ಹೊರಗಿನವರ ಜೊತೆ ಕೂತು ಬರೆಯುವುದು ಸಂಗೀತದಲ್ಲಿ ದಿನನಿತ್ಯದ ಕೆಲಸ. ಅರ್ಧ ಪಾಲು ಇದ್ದರೂ ಪೂರ್ತಿ ಸೊನ್ನೆ ಅಂದರೆ ಯಾವ ನ್ಯಾಯ?

1993ರಲ್ಲಿ ಸಿಆರ್‌ಟಿಸಿ ಲೆಕ್ಕ ಬದಲಿಸಿತು. ಹೊರಗಿನವರ ಜೊತೆ ಸೇರಿ ಬರೆದರೂ, ಸಂಗೀತ ಮತ್ತು ಸಾಹಿತ್ಯ ಎರಡರಲ್ಲೂ ಕೆನಡಾದವರ ಪಾಲು ಕನಿಷ್ಠ ಅರ್ಧ ಇದ್ದರೆ ಒಂದು ಅಂಕ ಸಿಗುವ ಹಾಗಾಯಿತು. ಗಾಯಕನ ಅಂಕವೂ ಸೇರಿದರೆ ಎರಡು. ಒಬ್ಬ ಗಾಯಕನ ಗಲಾಟೆಯಿಂದ ಒಂದು ದೇಶದ ರೇಡಿಯೋ ನಿಯಮವೇ ತಿದ್ದುಪಡಿ ಆಯಿತು.

[ತೆರೆಯ ಮೇಲೆ: 1993, 1995 ಎಂಬ ಅಂಕಿಗಳು]

ಆ ಮೂವರ ಜೊತೆಗಾರಿಕೆ ಅಲ್ಲಿಗೇ ನಿಲ್ಲಲಿಲ್ಲ. 1993ರಲ್ಲಿ 'ದ ತ್ರೀ ಮಸ್ಕಿಟಿಯರ್ಸ್' ಸಿನಿಮಾಗೆ 'ಆಲ್ ಫಾರ್ ಲವ್' ಬರೆದರು, ಆಡಮ್ಸ್ ಜೊತೆ ರಾಡ್ ಸ್ಟೂವರ್ಟ್ ಮತ್ತು ಸ್ಟಿಂಗ್ ಹಾಡಿದರು. ಅಮೆರಿಕದಲ್ಲಿ ಮತ್ತೆ ನಂಬರ್ ಒನ್. 1995ರಲ್ಲಿ 'ಡಾನ್ ಹ್ವಾನ್ ಡಿಮಾರ್ಕೊ' ಸಿನಿಮಾಗೆ 'ಹ್ಯಾವ್ ಯು ಎವರ್ ರಿಯಲಿ ಲವ್ಡ್ ಎ ವುಮನ್'. ಅದೂ ನಂಬರ್ ಒನ್. ಕೇಮನ್ 2003ರಲ್ಲಿ ಲಂಡನ್‌ನಲ್ಲಿ ತೀರಿಕೊಂಡರು, ಇನ್ನೂ 55 ವರ್ಷ. 1995ರ ಆ ಹಾಡಿನಲ್ಲಿ ಸ್ಪ್ಯಾನಿಷ್ ಗಿಟಾರ್ ನುಡಿಸಿದವರು ಫ್ಲಮೆಂಕೊ ದಿಗ್ಗಜ ಪಾಕೊ ದೆ ಲುಸಿಯಾ. ಅವರ ಬಗ್ಗೆ ಹೇಳುವುದಕ್ಕೆ ಕೂತರೆ ಇನ್ನೊಂದು ಇಡೀ ವಿಡಿಯೋ ಬೇಕು. ಅದನ್ನೂ ಮಾಡೋಣ.